ಇಂದುಧರನ ಉಗಿ ಇಂಜಿನ್

ತುಂಗಭದ್ರೆಯ ದಡದಲ್ಲಿ ಕರಿಬಸಯ್ಯ ಎಂಬ ಗುರುಗಳಿದ್ದರು. ಅವರ ಆಶ್ರಮದಲ್ಲಿ ಬೆಳಿಗ್ಗೆ ಧ್ಯಾನ, ಮಧ್ಯಾಹ್ನ ಕೈಕೆಲಸ. ಗುರುಗಳು ಹಿತ್ತಾಳೆಯಲ್ಲಿ ಪುಟ್ಟ ಉಗಿ ಇಂಜಿನ್‌ಗಳನ್ನು ಮಾಡುತ್ತಿದ್ದರು. ಶಿಷ್ಯರಿಗೂ ಅದನ್ನೇ ಕಲಿಸುತ್ತಿದ್ದರು.

ಶಿಷ್ಯರಲ್ಲಿ ಇಂದುಧರ ಬಹಳ ಅಚ್ಚುಕಟ್ಟಿನವನು. ಮನೆಯಲ್ಲಿ ತಮ್ಮಂದಿರು ತನ್ನ ಮಾತಿನಂತೆ ನಡೆಯುವುದಿಲ್ಲವೆಂದು ಬೇಸತ್ತು ಆಶ್ರಮ ಸೇರಿದ್ದ.

ಒಂದು ವರ್ಷ ಕೂತು ಅವನೂ ಒಂದು ಇಂಜಿನ್ ಮಾಡಿದ. ನೋಡಿದವರೆಲ್ಲ ಮೆಚ್ಚಿದರು. ಆದರೆ ಬೆಂಕಿ ಹಾಕಿದರೆ ಚಕ್ರ ಅರ್ಧ ಸುತ್ತು ಹೋಗಿ ನಿಲ್ಲುತ್ತಿತ್ತು. ಕೈಯಿಂದ ತಿರುಗಿಸಿದರೂ ಬಿಗಿ.

ಅವನು ಭಾಗಗಳನ್ನು ಜೋಡಿಸುವ ಪ್ರತಿ ಪಿನ್ನಿಗೂ ಎಣ್ಣೆ ಬಿಟ್ಟ. ಉಜ್ಜಿದ, ಒರೆಸಿದ. ಇನ್ನೂ ಜೋರಾಗಿ ಬೆಂಕಿ ಮಾಡಿದ. ಇಂಜಿನ್ ನಡುಗಿತೇ ಹೊರತು ಓಡಲಿಲ್ಲ.

ಕೊನೆಗೆ ಅರ ಹಿಡಿದು, ಉಗಿಯನ್ನು ಒಳಬಿಡುವ ವಾಲ್ವನ್ನು ಎಳೆದಾಡಿಸುವ ಕಡ್ಡಿಯನ್ನೇ ಸವೆಸಲು ಕೂತ. ಒಮ್ಮೆ ಸವೆಸಿದರೆ ಅದು ಮತ್ತೆ ಮೊದಲಿನಂತಾಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಗುರುಗಳು ಬಂದು ಅವನ ಕೈಯಿಂದ ಅರವನ್ನು ಮೆಲ್ಲಗೆ ತೆಗೆದುಕೊಂಡರು.

“ಯಾವುದು ಬಿಗಿ?”

“ಎಲ್ಲವೂ ಬಿಗಿ, ಗುರುಗಳೇ.”

“ಎಲ್ಲವನ್ನೂ ಕೇಳಿದೆಯಾ?”

ಇಂದುಧರನಿಗೆ ಅರ್ಥವಾಗಲಿಲ್ಲ. ಗುರುಗಳು ಪಿನ್ನುಗಳನ್ನು ಕಳಚಲು ಹೇಳಿದರು. ಅವನು ಒಂದೊಂದಾಗಿ ಕಳಚಿ, ಬಿಡಿಭಾಗಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟ.

ಚಕ್ರವೊಂದನ್ನೇ ತಿರುಗಿಸಲು ಹೇಳಿದರು. ಅದು ಸರಾಗವಾಗಿ ತಿರುಗಿತು. ಚಕ್ರಕ್ಕೂ ವಾಲ್ವಿಗೂ ನಡುವಿನ ತೋಳನ್ನು ಸೇರಿಸಿ ತಿರುಗಿಸಿದ. ಅದೂ ಜೋಕಾಲಿಯಂತೆ ಆಡಿತು. ಉಳಿದದ್ದು ಕಡ್ಡಿ. ಅದನ್ನು ಬೆರಳಲ್ಲಿ ಹಿಡಿದು ಎಳೆದ. ಅಲುಗಲಿಲ್ಲ.

ಇಂದುಧರನ ಮುಖ ಅರಳಿತು. ಹಾಗಾದರೆ ತಪ್ಪೆಲ್ಲ ಈ ಕಡ್ಡಿಯದೇ, ತಾನು ಅರ ಹಿಡಿದದ್ದು ಸರಿಯೇ ಎಂದ.

ಗುರುಗಳು ಕಡ್ಡಿ ಒಳಗೆ ಹೋಗುವ ತೂತನ್ನು ತೋರಿಸಿದರು. ಉಗಿ ಹೊರಬರದಂತೆ ಅಲ್ಲಿ ಕಡ್ಡಿಯ ಸುತ್ತ ನೂಲು ತುಂಬಿ, ಮೇಲೊಂದು ನಟ್ಟು ಬಿಗಿಯುತ್ತಾರೆ.

“ಇದನ್ನು ಯಾರು ಬಿಗಿದರು?”

“ನಾನೇ. ದಿನಾ ಕೆಲಸಕ್ಕೆ ಕೂತಾಗ ಇನ್ನೊಂದಿಷ್ಟು ಬಿಗಿಯುತ್ತೇನೆ.”

“ಯಾಕೆ?”

“ಸೋರೀತು ಎಂಬ ಭಯ, ಗುರುಗಳೇ.”

ಗುರುಗಳು ಸ್ಪ್ಯಾನರನ್ನು ಅವನ ಕೈಗೆ ಕೊಟ್ಟು ಕಾದರು.

ಇಂದುಧರ ನಟ್ಟನ್ನು ಕಾಲು ಸುತ್ತು ಸಡಿಲಿಸಿ ಕಡ್ಡಿ ಎಳೆದ. ಇನ್ನೂ ಬಿಗಿ. ಅವನ ಕೈ ಅಲ್ಲೇ ನಿಂತಿತು. ಇನ್ನಷ್ಟು ಸಡಿಲಿಸಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ. ಗುರುಗಳು ನದಿಯ ಕಡೆ ನೋಡುತ್ತ ಕೂತರು. ಬಹಳ ಹೊತ್ತಾದ ಮೇಲೆ ಅವನು ಕಣ್ಣು ಮುಚ್ಚಿ ಇನ್ನೊಂದು ಕಾಲು ಸುತ್ತು ತಿರುಗಿಸಿದ.

ಕಡ್ಡಿ ತಾನಾಗಿ ಎಂಬಂತೆ ಜಾರಿತು.

ಅವನು ಎಲ್ಲವನ್ನೂ ಮತ್ತೆ ಜೋಡಿಸಿದ. ನೀರು ತುಂಬಿ ಕೆಳಗೆ ಬೆಂಕಿ ಹಚ್ಚಿದ. ನೀರು ಕುದಿಯಿತು. ಚಕ್ರವನ್ನು ಬೆರಳಿಂದ ಒಮ್ಮೆ ಮುಟ್ಟಿದ, ಅಷ್ಟೇ. ಅದು ಹೊರಟಿತು, ನಿಲ್ಲಲೇ ಇಲ್ಲ. ಒಂದು ವರ್ಷದಲ್ಲಿ ಮೊದಲ ಬಾರಿಗೆ ಇಂದುಧರ ಬಾಯ್ತುಂಬ ನಕ್ಕ.

ಆಗ ನಟ್ಟಿನ ಅಂಚಿನಲ್ಲಿ ಒಂದು ಹನಿ ಮೂಡಿತು. ಹೊಳೆಯಿತು, ಕೆಳಗೆ ಬಿತ್ತು. ಅದರ ಹಿಂದೆಯೇ ಇನ್ನೊಂದು ಮೂಡಿತು.

ಅವನ ನಗು ನಿಂತಿತು. ಕೈ ಸ್ಪ್ಯಾನರಿನ ಕಡೆ ಹೋಯಿತು.

ಗುರುಗಳು ಆ ಕೈಯ ಮೇಲೆ ತಮ್ಮ ಕೈ ಇಟ್ಟರು.

“ಬಿಡು, ತಮ್ಮಾ. ಒಂದು ಹನಿಯೂ ಸೋರದ ಇಂಜಿನ್ ಇವತ್ತಿನವರೆಗೂ ಇಲ್ಲೇ ಇತ್ತಲ್ಲ, ಓಡಿತೇ?”