ಹೂವಿನ ಹಾಳೆಯ ಮೇಲೆ ಕಾವಿ

ಹೊಳೆದಂಡೆಯ ಮಠದಲ್ಲಿ ಮುರಿಗೆಪ್ಪನೆಂಬ ಶಿಷ್ಯನಿದ್ದ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಅವನಿಗೆ ಬೇಕಾದ್ದು ಒಂದೇ, ದೀಕ್ಷೆ.

"ಅಪ್ಪಾರ, ಯಾವಾಗ ಕೊಡ್ತೀರಿ?"

"ಧ್ಯಾನದ ಕೋಣಿಗೆ ಕಾವಿ ಬಣ್ಣ ಹಚ್ಚು. ಅದು ಹಿಡಿದ ದಿನ ಕೊಡೂಣು," ಎಂದರು ಗುರುಗಳು.

ಆ ಕೋಣೆಯ ಗೋಡೆಗೆ ಯಾರೋ ಭಕ್ತರು ಹಿಂದೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಅದರ ಮೇಲೆ ಊದುಬತ್ತಿಯ ಹೊಗೆ ಕೂತಿತ್ತು, ಒರಗಿ ಕೂತವರ ತಲೆಯೆಣ್ಣೆ ಸಾಲಾಗಿ ಮೆತ್ತಿತ್ತು. ಅದನ್ನೆಲ್ಲ ನೋಡಲು ಮುರಿಗೆಪ್ಪನಿಗೆ ಪುರುಸೊತ್ತೆಲ್ಲಿ? ಹುಣ್ಣಿಮೆಗೆ ದೀಕ್ಷೆಯೆಂದು ಊರಲ್ಲಿದ್ದ ತಾಯಿಗೆ ಹೇಳಿಯೂ ಕಳಿಸಿಬಿಟ್ಟ. ಹಾಳೆಯ ಮೇಲೆಯೇ ಬಣ್ಣ ಬಳಿದು, ಒಣಗಿದ ಕೂಡಲೇ ಗುರುಗಳನ್ನು ಕರೆತಂದ.

ಕೋಣೆಯೆಲ್ಲ ಕಾವಿಯಾಗಿ ಹೊಳೆಯುತ್ತಿತ್ತು. ಗುರುಗಳು ನೇರವಾಗಿ ಮುರಿಗೆಪ್ಪ ದಿನಾ ಧ್ಯಾನದ ಹೊತ್ತಿಗೆ ಒರಗುವ ಜಾಗಕ್ಕೆ ಹೋಗಿ ಉಗುರು ಹಾಕಿದರು. ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಬಣ್ಣ ಸುಲಿದು ಬಂತು. ಒಳಗಿನ ಹಳೇ ಹೂವು ಕಂಡಿತು.

"ಇಲ್ಲೆ ನಿದ್ದಿ ಚಲೋ ಮಾಡೀಯಪಾ," ಎಂದರು ಗುರುಗಳು.

ಮುರಿಗೆಪ್ಪ ಇಂಗು ತಿಂದ ಮಂಗನಂತಾದ.

"ಇನ್ನೊಂದು ಕೈ ಬಳೀತೀನ್ರಿ."

"ಹತ್ತು ಕೈ ಬಳಿ. ಸುಲಿಯಾಕ ನನಗ ಒಂದ ಉಗುರು ಸಾಕು."

ಗುರುಗಳು ಸೋಪಿನ ನೀರು, ಸ್ಯಾಂಡ್‌ಪೇಪರು ತಂದಿಟ್ಟರು. "ಮೊದಲ ಜಿಡ್ಡು ತೊಳಿ. ಆಮ್ಯಾಲ ಹೊಳಪು ಹೋಗೂತನಕ ತಿಕ್ಕು. ಬಣ್ಣ ಹಿಡಿಯಾಕ ಪ್ರೈಮರ್ ಹಚ್ಚು, ಒಣಗಲಿ. ಬಣ್ಣ ಕಡೀಕ."

ಮುರಿಗೆಪ್ಪ ಬಳಿದದ್ದನ್ನೆಲ್ಲ ಸುಲಿದು, ತೊಳೆದು, ತಿಕ್ಕಿದ. ತಿಕ್ಕುತ್ತ ಬಾಗಿಲು ನೋಡಿದ, ಚಂದ್ರನನ್ನು ನೋಡಿದ. ಚಂದ್ರ ದುಂಡಗಾಗುತ್ತ ಬಂದ, ಗೋಡೆ ಮುಗಿಯಲೊಲ್ಲದು. ಉಂಡ ಅನ್ನ ಮೈಗೆ ಹತ್ತದಷ್ಟು ತಳಮಳ.

ಹುಣ್ಣಿಮೆಯ ಬೆಳಗ್ಗೆ ತಾಯಿ ಬುತ್ತಿ ಕಟ್ಟಿಕೊಂಡು ಬಂದೇಬಿಟ್ಟಳು. ಅರ್ಧ ಗೋಡೆಯಲ್ಲಿ ಇನ್ನೂ ಹೂವುಗಳಿದ್ದವು.

ಮುರಿಗೆಪ್ಪ ಓಡಿಹೋಗಿ ಗುರುಗಳ ಕಾಲು ಹಿಡಿದ. "ಅಪ್ಪಾರ, ಅವ್ವ ಬಂದಾಳ್ರಿ. ಉಳಿದದ್ದಕ್ಕ ಪರದೆ ಕಟ್ತೀನಿ. ಇವತ್ತ ಕೊಟ್ಟಬಿಡ್ರಿ, ಗ್ವಾಡಿ ನಾಳೆ ಮುಗಸ್ತೀನಿ."

ಗುರುಗಳು ಬೈಯಲಿಲ್ಲ. ಒಳಗೆ ಹೋಗಿ ಹೊಸ ಕಾವಿ ವಸ್ತ್ರ ತಂದರು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಕೈಮುಗಿದು ನಿಂತಳು. ಮುರಿಗೆಪ್ಪ ತಲೆ ಬಾಗಿಸಿದ.

ಗುರುಗಳು ವಸ್ತ್ರ ಬಿಚ್ಚಿ ಹಿಡಿದು ಕೇಳಿದರು:

"ಹೊದಿಸ್ತೀನಿ. ಹೊದಿಸಿದ ಮ್ಯಾಲ ಒಮ್ಮೆ ಉಗುರು ಹಾಕಿ ನೋಡ್ತೀನಿ. ಹೊದಿಸ್ಲೇನು, ಮುರಿಗ್ಯಾ?"