ಪ್ಲಾಸ್ಟಿಕ್ ಬಟ್ಟಲಿನ ಉಪಚಾರ

ಒಸಾಕಾದ ಊಟದಂಗಡಿಯೊಂದರ ಬಾಗಿಲಲ್ಲಿ, ಗಿರಾಕಿಗಳಿಗೆ ತೋರಿಸಲೆಂದೇ ಮಾಡಿಟ್ಟ ಬಟ್ಟಲೊಂದು ಕುಳಿತಿತ್ತು. ಶಾವಿಗೆ ಪ್ಲಾಸ್ಟಿಕ್ಕಿನದು, ಸಾರು ಪ್ಲಾಸ್ಟಿಕ್ಕಿನದು, ಸಿಗಡಿಯೂ ಪ್ಲಾಸ್ಟಿಕ್ಕಿನದೇ. ಜಂಬ ಮಾತ್ರ ಅಪ್ಪಟ.

"ಒಳಗಿನ ಬಟ್ಟಲುಗಳು ಗಳಿಗೆಯಲ್ಲಿ ಖಾಲಿ. ತುಂಬಿದ ಕೊಡ ತುಳುಕುವುದಿಲ್ಲ ಎಂದದ್ದು ನನ್ನನ್ನು ನೋಡಿಯೇ!" ಎಂದು ಅದು ಬೀಗುತ್ತಿತ್ತು.

ಚಳಿಯ ಬೆಳಗ್ಗೆ ಹಸಿದ ಗುಬ್ಬಿಯೊಂದು ಬಂದು ಇಣುಕಿತು.

"ಸಂಕೋಚ ಯಾಕೆ? ಹೊಟ್ಟೆ ತುಂಬಾ ತಿನ್ನು," ಎಂದಿತು ಬಟ್ಟಲು, ದೊಡ್ಡಸ್ತಿಕೆಯಿಂದ.

ಗುಬ್ಬಿ ಆ ದೇಶದ ಪದ್ಧತಿಯಂತೆ ಮೊದಲು ತಲೆ ಬಾಗಿಸಿ ಊಟಕ್ಕೆ ವಂದಿಸಿತು. ಆಮೇಲೆ ಕುಕ್ಕಿತು. ಟಕ್! ಮತ್ತೆ ಕುಕ್ಕಿತು. ಟಕ್! ಕೊಕ್ಕು ನೊಂದಿತೇ ಹೊರತು ಒಂದೆಳೆ ಶಾವಿಗೆಯೂ ಬರಲಿಲ್ಲ.

ಇನ್ನು ಬೈಯುತ್ತದೆ ಎಂದು ಬಟ್ಟಲು ಮುದುಡಿತು. ಬೈದಿದ್ದರೇ ಚೆನ್ನಾಗಿತ್ತು. ಗುಬ್ಬಿ ಇನ್ನೊಮ್ಮೆ ತಲೆ ಬಾಗಿಸಿ, ಉಂಡೆದ್ದವರು ಹೇಳಬೇಕಾದ ಮಾತನ್ನೇ ಹೇಳಿತು: "ಊಟ ಸೊಗಸಾಗಿತ್ತು. ದೊಡ್ಡ ಉಪಕಾರವಾಯಿತು." ಹಸಿದ ಹೊಟ್ಟೆಯಲ್ಲೇ ಹಾರಿಹೋಯಿತು.

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಬಟ್ಟಲಿಗೆ.

ಈಗಲೂ ಅದು ಅಲ್ಲೇ ಇದೆ. ಯಾರಾದರೂ ನಿಂತು ಆಸೆಯಿಂದ ನೋಡಿದರೆ, ತಗ್ಗಿದ ದನಿಯಲ್ಲಿ ಹೇಳುತ್ತದೆ: "ಊಟ ಒಳಗಿದೆ. ನಾನು ಬರೀ ತೋರಿಕೆ."