ಎಡಮುಖಕ್ಕೆ ಕೂತ ರವೆ

ನಿಂಬೆಹಣ್ಣಿನಷ್ಟು ರವೆಯ ಮುದ್ದೆಗೆ ಜಾಗ ಕೊಟ್ಟರೆ ಮೃದಂಗಕ್ಕೆ ಒಂದು ತನಿ ಆವರ್ತನ ಸಿಗುತ್ತದೆ; ವ್ಯಾಪಾರ ಇಷ್ಟೇ. ತನಿ ಎಂದರೆ ಕಚೇರಿಯಲ್ಲಿ ಉಳಿದವರೆಲ್ಲ ಸುಮ್ಮನಿದ್ದು ತಾಳವಾದ್ಯವೊಂದೇ ನುಡಿಯುವ ಹೊತ್ತು. ಮೃದಂಗಕ್ಕೆ ಅದಕ್ಕಿಂತ ದೊಡ್ಡ ಆಸೆಯಿರಲಿಲ್ಲ.

ವೀಣೆಯ ಕಚೇರಿಗೆ ಮುಂಚೆ ನೆನೆದ ರವೆ ಮೃದಂಗದ ಎಡಮುಖದ ಬಳಿ ಬಂದು, "ಅಣ್ಣಾ, ಸ್ವಲ್ಪ ಜಾಗ ಕೊಡು," ಎಂದಿತು.

"ಅಡುಗೆಮನೆಯವಳಿಗೆ ವೇದಿಕೆಯಲ್ಲೇನು ಕೆಲಸ?" ಎಂದ ಮೃದಂಗ, ರವೆಯಿಲ್ಲದೆಯೇ ನುಡಿದು ತೋರಿಸಿತು. ಬಲಗಡೆ ನಾದ ಬಂತು. ಎಡಗಡೆ ಖಾಲಿ ಡಬ್ಬ ಬಡಿದ ಹಾಗಾಯಿತು.

ಶ್ರುತಿ ಮಾಡಿಕೊಳ್ಳುತ್ತಿದ್ದ ವೀಣೆ ಅರ್ಧಕ್ಕೇ ನಿಲ್ಲಿಸಿತು. "ಹೀಗಾದರೆ ತನಿ ಪಕ್ಕದಲ್ಲಿ ಕೂತ ಘಟಕ್ಕೆ ಕೊಡುತ್ತೇನೆ, ಮಾರಾಯ."

ಮೃದಂಗ ದನಿ ತಗ್ಗಿಸಿತು. "ಬಾ ತಾಯಿ, ಕೂರು. ನಿನ್ನ ಷರತ್ತೇನು?"

"ಒಂದೇ. ಕಚೇರಿ ಮುಗಿದ ಕೂಡಲೇ ನನ್ನನ್ನು ಕೆರೆದು ತೆಗೆಸಬೇಕು."

ರವೆ ಕೂತಿತು, ಎಡಮುಖ ಗುಂ ಎಂದಿತು, ತನಿ ಮೃದಂಗಕ್ಕೇ ಸಿಕ್ಕಿತು. ಚಪ್ಪಾಳೆ ಕೇಳಿದ್ದೇ ಅದಕ್ಕೆ ದುರಾಸೆ ಹತ್ತಿತು. "ಹೋಗಬೇಡ ಕಣೇ. ಬಲಮುಖಕ್ಕೆ ಮೆತ್ತಿದ ಕಪ್ಪು ಕರಣೆಯ ಹಾಗೆ ನೀನೂ ಕಾಯಂ ಇದ್ದುಬಿಡು. ಪ್ರತಿಸಲ ಕಲಸುವವರು ಯಾರು?"

"ಕರಣೆ ಒಣಗಿ ನುಡಿಯುವವನು, ನಾನು ಹಸಿಯಿದ್ದಾಗ ನುಡಿಯುವವಳು. ಬೆಳಗಿನ ತನಕ ಕೂತರೆ ನಿನ್ನ ಚರ್ಮ ಕಿತ್ತುಕೊಂಡೇ ಏಳುತ್ತೇನೆ. ಆಮೇಲೆ ತನಿ ಯಾವುದರ ಮೇಲೆ ನುಡಿಸುತ್ತೀಯ?"

ಮೃದಂಗ ಕೂಡಲೇ ಕೆರೆಸಿಕೊಂಡಿತು.

ಒಟ್ಟು ಲಾಭ ಹೇಳುವುದಾದರೆ, ಮೃದಂಗಕ್ಕೆ ತನಿಯೂ ದಕ್ಕಿತು, ಚರ್ಮವೂ ಉಳಿಯಿತು. ವೀಣೆಗೆ ಒಳ್ಳೆಯ ಜೊತೆ ಸಿಕ್ಕಿತು. ರವೆ ಒಂದು ಸಂಜೆ ಸಭೆಯನ್ನು ತಲೆದೂಗಿಸಿತು. ಹಿತ್ತಿಲ ಇರುವೆಗಳಿಗೆ ಊಟವಾಯಿತು.